ಪರದೆಯ ಮೇಲಿನ ಒರಳುಕಲ್ಲು

ಕನ್ನಡ ಅಧ್ಯಾಪಕನಾದವನು ಯಾವ ವಿಷಯದ ಮೇಲೆ ಬೇಕಾದರೂ ಹತ್ತು ನಿಮಿಷ ಮಾತನಾಡಬಲ್ಲನೆಂಬ ನಂಬಿಕೆ ನಮ್ಮ ಕಾಲೇಜುಗಳಲ್ಲಿ ಬಲವಾಗಿ ಬೇರೂರಿದೆ. ಗಿಡ ನೆಡುವ ಸಮಾರಂಭವಾಗಲಿ, ರಕ್ತದಾನದ ಶಿಬಿರವಾಗಲಿ, ವಂದನಾರ್ಪಣೆಗೆ ಮುಂಚೆ "ಈಗ ನಮ್ಮ ಕನ್ನಡ ಮೇಷ್ಟರಿಂದ ನಾಲ್ಕು ಮಾತು" ಎಂದು ಯಾರಾದರೊಬ್ಬರು ಘೋಷಿಸಿಯೇ ಘೋಷಿಸುತ್ತಾರೆ. ಈ ನಂಬಿಕೆಯನ್ನು ಬೆಳೆಸಿದವರಲ್ಲಿ ನಾನೂ ಒಬ್ಬನೆಂಬುದನ್ನು ಮೊದಲಲ್ಲೇ ಒಪ್ಪಿಕೊಂಡುಬಿಡುವುದು ಒಳ್ಳೆಯದು. ಏಕೆಂದರೆ ಈ ಲೇಖನ ಹುಟ್ಟಿದ್ದು ನಾನು ಆಡಬಾರದಾಗಿದ್ದ ಅಂಥ ನಾಲ್ಕು ಮಾತುಗಳಿಂದ.

ನಾನು ಪಾಠ ಹೇಳುವ ಕಾಲೇಜು ಪೀಣ್ಯ ಕೈಗಾರಿಕಾ ಪ್ರದೇಶದ ಅಂಚಿನಲ್ಲಿದೆ. ಲಗ್ಗೆರೆ, ಹೆಗ್ಗನಹಳ್ಳಿ, ರಾಜಗೋಪಾಲನಗರ, ಚೊಕ್ಕಸಂದ್ರಗಳ ಹುಡುಗ ಹುಡುಗಿಯರೇ ಹೆಚ್ಚಾಗಿ ಬರುತ್ತಾರೆ. ಬೆಳಿಗ್ಗೆ ತರಗತಿ, ಮಧ್ಯಾಹ್ನದಿಂದ ಎರಡನೆಯ ಪಾಳಿಯ ಕೆಲಸ. ಹೀಗೆ ಎರಡು ದೋಣಿಗಳಲ್ಲಿ ಕಾಲಿಟ್ಟು ಪದವಿ ಮುಗಿಸುವವರು ತರಗತಿಗೆ ಹತ್ತು ಮಂದಿಯಾದರೂ ಇರುತ್ತಾರೆ. 2025ರ ಫೆಬ್ರವರಿಯಲ್ಲಿ ನಮ್ಮಲ್ಲಿ ಒಂದು ಚಿತ್ರ ಪ್ರದರ್ಶನ ಏರ್ಪಟ್ಟಿತು. ಕುಂಚ, ಬಣ್ಣ, ಕಾಗದಗಳ ಚಿತ್ರವಲ್ಲ. ಕಂಪ್ಯೂಟರಿನಲ್ಲಿ ರಚಿಸಿ ಜೆರಾಕ್ಸ್ ಅಂಗಡಿಯಲ್ಲಿ ಅಚ್ಚು ಹಾಕಿಸಿ ತಂದು ಗೋಡೆಗೆ ಅಂಟಿಸಿದ್ದವು. ಎಣಿಸಿದೆ. ಮೂವತ್ತನಾಲ್ಕು ಚಿತ್ರಗಳಲ್ಲಿ ಹನ್ನೊಂದರಲ್ಲಿ ಒಂದೇ ವಸ್ತುವಿತ್ತು: ನಡುವೆ ತೂತುಳ್ಳ, ಮೇಲೆ ಗುಲಾಬಿ ಬಣ್ಣದ ಸಕ್ಕರೆ ಪಾಕ ಹರಿದ, ಡೋನಟ್ ಎಂಬ ವಿಲಾಯಿತಿ ವಡೆ. ಹನ್ನೊಂದು ಮಂದಿಯಲ್ಲಿ ಅದನ್ನು ತಿಂದಿದ್ದವರು ಇಬ್ಬರು.

ನಾಲ್ಕು ಮಾತನಾಡಲು ನಿಂತಾಗ ನನಗೆ ಈ ವಡೆಯೇ ವರವಾಯಿತು. "ಯಂತ್ರ ಬರೆದ ಚಿತ್ರಕ್ಕೆ ಬೆನ್ನು ತಟ್ಟಬೇಕೆಂದರೆ ಯಂತ್ರದ ಬೆನ್ನನ್ನೇ ತಟ್ಟಬೇಕಷ್ಟೆ, ಅದು ಎಲ್ಲಿದೆಯೋ ನನಗೆ ತಿಳಿಯದು" ಎಂದೆ. ಸಭೆ ನಕ್ಕಿತು. ಸಭೆ ನಕ್ಕಾಗ ಭಾಷಣಕಾರನಿಗೆ ತಾನು ಹೇಳಿದ್ದು ಸತ್ಯವೆಂದೇ ತೋರುತ್ತದೆ. ಕೆಳಗಿಳಿದು ಬರುವಷ್ಟರಲ್ಲಿ ಎರಡನೆಯ ವರ್ಷದ ಒಬ್ಬ ಹುಡುಗ ತನ್ನ ಚಿತ್ರವನ್ನು ಗೋಡೆಯಿಂದ ಬಿಡಿಸಿ ಸುರುಳಿ ಸುತ್ತುತ್ತಿದ್ದ. ಅವನದು ಡೋನಟ್ ಅಲ್ಲ, ಒಂದು ಒರಳುಕಲ್ಲು. ಪೀಣ್ಯ ಎರಡನೆಯ ಹಂತದ ಒಂದು ಕಾರ್ಖಾನೆಯಲ್ಲಿ ಲೇಥ್ ಮೇಲೆ ಕೆಲಸ ಮಾಡುವವನು. ನನ್ನನ್ನು ನೋಡಿ ಮೆಲ್ಲಗೆ ಹೇಳಿದ: "ಬೇಜಾರ್ ಮಾಡ್ಕೋಬೇಡಿ ಸಾರ್. ನೀವು ಇದನ್ನ ಒಂದ್ಸಲನಾದ್ರೂ ಮಾಡಿ ನೋಡಿದೀರಾ?"

ನಾನು ಮಾಡಿ ನೋಡಿರಲಿಲ್ಲ. ಕವಿತೆ ಬರೆಯದವನು ಕವಿತೆಯನ್ನು ವಿಮರ್ಶಿಸಬಾರದೆ ಎಂಬ ಹಳೆಯ ಉತ್ತರ ನಾಲಗೆಯ ತುದಿಗೆ ಬಂದಿತ್ತು. ಆದರೆ ಕವಿತೆ ಬರೆಯದಿದ್ದರೂ ಕವಿತೆಯ ಭಾಷೆಯನ್ನಾದರೂ ವಿಮರ್ಶಕ ಹುಟ್ಟಿನಿಂದ ಬಲ್ಲನಷ್ಟೆ? ಇಲ್ಲಿ ನನಗೆ ಆ ಭಾಷೆಯ ಅ ಆ ಇ ಈ ಕೂಡ ತಿಳಿದಿರಲಿಲ್ಲ. ಉತ್ತರವನ್ನು ನುಂಗಿಕೊಂಡೆ. ಅದರ ಮರುವಾರವೇ ಎಸ್.ಪಿ. ರಸ್ತೆಗೆ ಹೋಗಿ ಯಾರೋ ಬಳಸಿ ಮಾರಿದ ಒಂದು ಲ್ಯಾಪ್‌ಟಾಪ್ ಕೊಂಡು ತಂದೆ. ಮುಂದಿನ ಎಂಟು ತಿಂಗಳು ರಾತ್ರಿ ಹೊತ್ತು ಒಂದೊಂದು ಗಂಟೆ ಈ ವಿದ್ಯೆಗೆ ಕೂತೆ. ಪರಿಣತನಾದೆನೆಂದು ವಾಚಕರು ಭಾವಿಸಬಾರದು. ತಪ್ಪು ಯಾವುದೆಂದು ಗುರುತಿಸುವಷ್ಟು ಕಲಿತೆ, ಅಷ್ಟೆ.

ಈ ಕಲೆಗೆ ಬಳಕೆಯಾಗುವ ತಂತ್ರಾಂಶಗಳಲ್ಲಿ ಎರಡು ಜಾತಿ. ಬಾಡಿಗೆ ಕೊಟ್ಟು ಬಳಸುವ ದುಬಾರಿಯವು ಒಂದು. ಯಾರು ಬೇಕಾದರೂ ಪಡೆದು, ಬಳಸಿ, ಬಿಚ್ಚಿ ನೋಡಿ, ತಿದ್ದಿ ಇನ್ನೊಬ್ಬರಿಗೆ ಹಂಚಬಹುದಾದವು ಇನ್ನೊಂದು. ಎರಡನೆಯ ಜಾತಿಗೆ ಇಂಗ್ಲಿಷಿನಲ್ಲಿರುವ ಹೆಸರಿಗೆ ಪುಕ್ಕಟೆ ಎಂದೂ ಅರ್ಥ, ಸ್ವತಂತ್ರ ಎಂದೂ ಅರ್ಥ; ಆ ಭಾಷೆಯವರು ಈ ಎರಡನ್ನು ಬಿಡಿಸಿ ಹೇಳಲು ಪಡುವ ಪಾಡು ಅಷ್ಟಿಷ್ಟಲ್ಲ. ಕನ್ನಡಕ್ಕೆ ಆ ತೊಡಕಿಲ್ಲ. ಸ್ವತಂತ್ರ ತಂತ್ರಾಂಶವೆಂದು ನಮ್ಮ ತರುಣರೇ ಹೆಸರಿಟ್ಟಿದ್ದಾರೆ. ಆದರೂ ನಮ್ಮ ಹುಡುಗರು ಅದನ್ನು ಹಿಡಿದದ್ದು ಪುಕ್ಕಟೆ ಎಂಬ ಕಾರಣಕ್ಕೇ ಎಂಬುದನ್ನು ಮರೆಮಾಚಬೇಕಾಗಿಲ್ಲ. ಪುಕ್ಕಟೆಯ ಬಾಗಿಲಿನಿಂದ ಒಳಹೊಕ್ಕು ಸ್ವಾತಂತ್ರ್ಯದ ಅಂಗಳಕ್ಕೆ ಬಂದವರೂ ಉಂಟು, ಬಾಗಿಲಲ್ಲೇ ನಿಂತವರೂ ಉಂಟು.

ಫೋಟೋ ತಿದ್ದುವುದಕ್ಕೆ, ಬಣ್ಣ ಬಳಿಯುವುದಕ್ಕೆ ಗಿಂಪ್. ಅಮೆರಿಕದ ಬರ್ಕ್ಲಿಯಲ್ಲಿ ಓದುತ್ತಿದ್ದ ಇಬ್ಬರು ವಿದ್ಯಾರ್ಥಿಗಳು 1995ರಲ್ಲಿ ತೊಡಗಿ 1996ರಲ್ಲಿ ಲೋಕಕ್ಕೆ ಬಿಟ್ಟದ್ದು. ಕೈಬರಹದಂತೆ ಚಿತ್ರ ಬರೆಯಲು ಕ್ರಿಟಾ. ರೇಖೆಗಳ ಕೆಲಸಕ್ಕೆ 2003ರಲ್ಲಿ ಹುಟ್ಟಿದ ಇಂಕ್‌ಸ್ಕೇಪ್. ಇವುಗಳ ಮಾತು ಇಷ್ಟು ಸಾಕು. ಮೂರು ಆಯಾಮಗಳ ಆಕೃತಿಗಳನ್ನು ಕಟ್ಟುವ ಬ್ಲೆಂಡರ್ ಮಾತ್ರ ಸ್ವಲ್ಪ ವಿವರವಾಗಿ ಹೇಳತಕ್ಕದ್ದು, ಅದರ ಕಥೆ ಸ್ವಾರಸ್ಯವಾಗಿರುವುದರಿಂದ. ನೆದರ್ಲೆಂಡ್ಸಿನ ಟಾನ್ ರೂಸೆಂಡಾಲ್ ಎಂಬಾತ 1990ರ ದಶಕದಲ್ಲಿ ತನ್ನ ಚಿತ್ರಶಾಲೆಯ ಉಪಯೋಗಕ್ಕಾಗಿ ಇದನ್ನು ರೂಪಿಸಿದ. ಮುಂದೆ ಅದನ್ನೇ ನೆಚ್ಚಿ ಕಂಪನಿ ಕಟ್ಟಿದ; ಕಂಪನಿ ಮುಳುಗಿತು. ತಂತ್ರಾಂಶದ ಹಕ್ಕು ಬಂಡವಾಳ ಹಾಕಿದವರ ವಶವಾಯಿತು. 1 ಲಕ್ಷ ಯೂರೋ ಕೊಟ್ಟರೆ ಬಿಟ್ಟುಕೊಡುತ್ತೇವೆಂದು ಅವರು ಹೇಳಿದರು. 2002ರಲ್ಲಿ ಲೋಕದ ನಾನಾ ಮೂಲೆಗಳಿಂದ ಜನ ಹಣ ಕಳಿಸಿ, 7 ವಾರಗಳಲ್ಲಿ ಅಷ್ಟನ್ನೂ ಕೂಡಿಸಿದರು. ಆ ವರ್ಷದ ಅಕ್ಟೋಬರ್ 13ರಂದು ಬ್ಲೆಂಡರ್ ಎಲ್ಲರದಾಯಿತು. ಗಿರವಿ ಬಿದ್ದಿದ್ದ ದೇವರ ಒಡವೆಯನ್ನು ಊರವರೆಲ್ಲ ವಂತಿಗೆ ಹಾಕಿ ಬಿಡಿಸಿಕೊಂಡು ತಂದಂತೆ.

ಇದನ್ನು ತೆರೆದೊಡನೆ ಪರದೆಯ ನಡುವೆ ಬೂದು ಬಣ್ಣದ ಒಂದು ಘನಾಕೃತಿ ಕೂತಿರುತ್ತದೆ. ಪಕ್ಕದಲ್ಲೊಂದು ದೀಪ, ಒಂದು ಕ್ಯಾಮರಾ. ಕಲ್ಲಿನ ದಿಮ್ಮಿ, ಬೆಳಕು, ನೋಡುವ ಕಣ್ಣು: ಶಿಲ್ಪಿಗೆ ಬೇಕಾದ ಮೂರೂ ಇವೆ, ಇಲ್ಲದಿರುವುದು ಉಳಿಗೆ ಎದುರಾಗುವ ಬಿಗುವು. ಎಳೆದರೆ ಎಳೆದಷ್ಟು ಬರುತ್ತದೆ, ಕತ್ತರಿಸಿದರೆ ನೋಯುವುದಿಲ್ಲ, ತಪ್ಪಾದರೆ ಒಂದು ಗುಂಡಿಯೊತ್ತಿ ಹಿಂದಕ್ಕೆ ಹೋಗಬಹುದು. ಹೀಗಾಗಿ ಮೊದಲ ವಾರ ನನಗೆ ಇದು ಮಕ್ಕಳಾಟವಾಗಿ ಕಂಡಿತು. ಎರಡನೆಯ ವಾರ ನನ್ನ ಅಭಿಪ್ರಾಯ ಬದಲಾಯಿತು. ಕಲ್ಲಿನ ಬಿಗುವು ಶಿಲ್ಪಿಯನ್ನು ತಡೆಯುವುದರ ಜೊತೆಗೆ ಅವನನ್ನು ಕಾಯುತ್ತಲೂ ಇರುತ್ತದೆ. ತಡೆಯುವವರಿಲ್ಲದ ಜಾಗದಲ್ಲಿ ಎಲ್ಲಿ ನಿಲ್ಲಬೇಕೆಂಬುದನ್ನು ಕಣ್ಣೊಂದೇ ಹೇಳಬೇಕು.

ಈಗ ಡೋನಟ್ ವಿಚಾರಕ್ಕೆ ಬರೋಣ. ಆಸ್ಟ್ರೇಲಿಯದ ಆಂಡ್ರೂ ಪ್ರೈಸ್ ಎಂಬ ಉಪಾಧ್ಯಾಯ ಬ್ಲೆಂಡರ್ ಕಲಿಯುವವರಿಗಾಗಿ ಚಲಚ್ಚಿತ್ರ ರೂಪದ ಪಾಠಮಾಲೆಯೊಂದನ್ನು ಮಾಡಿದ್ದಾನೆ. ಅದರ ವಸ್ತು ಡೋನಟ್. ಲೋಕದ ಎಲ್ಲ ಕಡೆ ಈ ವಿದ್ಯೆಯ ಅಕ್ಷರಾಭ್ಯಾಸ ಈ ವಡೆಯಿಂದಲೇ. ನಾನೂ ಮಾಡಿದೆ. ಮಾಡಿದ ಮೇಲೆ ನನ್ನ ಭಾಷಣದ ಮೊದಲ ತಪ್ಪು ಗೊತ್ತಾಯಿತು. ಪಾಠ ಬಹಳ ಜಾಣತನದ್ದು. ದುಂಡನೆಯ ಆಕಾರ, ಅದರ ಮೇಲೆ ಜಾರುವ ದ್ರವ, ಅದರ ಮೇಲೆ ಚೆಲ್ಲಿದ ನೂರಾರು ಸಣ್ಣ ಕಡ್ಡಿಗಳು, ಮೈಯ ಒರಟು, ಪಾಕದ ಹೊಳಪು, ದೀಪದ ನೆರಳು. ಇಡೀ ವಿದ್ಯೆಯ ಅಂಗೋಪಾಂಗಗಳೆಲ್ಲ ಆ ಒಂದು ವಡೆಯಲ್ಲಿ ಅಡಗಿವೆ. ಪುರಂದರದಾಸರು ಮಾಯಾಮಾಳವಗೌಳದಲ್ಲಿ ಸರಳೆ ವರಸೆ ಕಟ್ಟಿಕೊಟ್ಟರೆಂದು ನಮ್ಮ ಸಂಗೀತಗಾರರು ಹೇಳುತ್ತಾರಲ್ಲವೆ? ಇದು ಆ ಬಗೆಯದು. ಹಾಗಾದರೆ ನಮ್ಮ ಪ್ರದರ್ಶನದ ದೋಷ ಎಲ್ಲಿತ್ತು? ಸರಳೆ ವರಸೆ ಹಾಡುವುದು ದೋಷವಲ್ಲ; ಅದಕ್ಕೆ ಕಚೇರಿಯೆಂದು ಹೆಸರಿಟ್ಟು ಟಿಕೆಟು ಹಾಕುವುದು ದೋಷ. ಈ ತಪ್ಪಿನಲ್ಲಿ ಹುಡುಗರ ಪಾಲಿಗಿಂತ ಗೋಡೆ ತುಂಬಿಸಬೇಕೆಂದು ಅವಸರಪಟ್ಟ ಅಧ್ಯಾಪಕರ ಪಾಲು ದೊಡ್ಡದು.

ನಮ್ಮ ಆಲಂಕಾರಿಕರು ಕಾವ್ಯಕ್ಕೆ ಕಾರಣವಾಗಿ ಶಕ್ತಿ, ನಿಪುಣತೆ, ಅಭ್ಯಾಸ ಎಂಬ ಮೂರನ್ನು ಒಟ್ಟಾಗಿ ಹೇಳಿದರು. ತೀ.ನಂ. ಶ್ರೀಕಂಠಯ್ಯನವರ 'ಭಾರತೀಯ ಕಾವ್ಯಮೀಮಾಂಸೆ' (1953) ಓದಿದ ಪ್ರತಿ ವಿದ್ಯಾರ್ಥಿಗೂ ಇದು ಬಾಯಿಪಾಠ. ನಾನೂ ಇಪ್ಪತ್ತು ವರ್ಷದಿಂದ ಹೇಳಿಕೊಂಡು ಬಂದಿದ್ದೇನೆ. ಆದರೆ ನಿಪುಣತೆಯೆಂದರೆ ಲೋಕವನ್ನು, ಶಾಸ್ತ್ರವನ್ನು, ಹಿಂದಿನ ಕಾವ್ಯವನ್ನು ಕಂಡು ಪಡೆದದ್ದು ಎಂಬ ವಿವರಣೆಯಲ್ಲಿ 'ಲೋಕವನ್ನು ಕಂಡು' ಎಂಬ ಮಾತಿನ ಭಾರ ನನಗೆ ತಟ್ಟಿದ್ದು ಒಂದು ಚೊಂಬಿನಿಂದ.

ಅದು ನಮ್ಮ ತಾಯಿಯ ಮದುವೆಯ ಕಾಲದ ಹಿತ್ತಾಳೆ ಚೊಂಬು. ವಡೆಯಾದ ಮೇಲೆ ಸ್ವಂತದ್ದೊಂದನ್ನು ಮಾಡೋಣವೆಂದು ಅದನ್ನು ಆರಿಸಿಕೊಂಡೆ. ಬ್ಲೆಂಡರಿನಲ್ಲಿ ಇಂಥ ದುಂಡನೆಯ ವಸ್ತುಗಳಿಗೆ ಒಂದು ಸುಲಭೋಪಾಯವಿದೆ. ವಸ್ತುವಿನ ಹೊರಗೆರೆಯ ಅರ್ಧವನ್ನು ಮಾತ್ರ ಬರೆದು, ನಡುವಿನ ಅಕ್ಷದ ಸುತ್ತ ತಿರುಗಿಸಿದರೆ ಸಾಕು. ಗೆರೆ ಗಾಳಿಯಲ್ಲಿ ಸುತ್ತಿ ಪಾತ್ರೆಯಾಗುತ್ತದೆ. ಚೊಂಬನ್ನು ನಲವತ್ತು ವರ್ಷದಿಂದ ಕೈಯಲ್ಲಿ ಹಿಡಿದವನು ನಾನು, ಅದನ್ನು ಎದುರಿಗಿಟ್ಟುಕೊಳ್ಳುವ ಅಗತ್ಯವೇನೆಂದು ನೆನಪಿನಿಂದಲೇ ಗೆರೆ ಬರೆದು ತಿರುಗಿಸಿದೆ. ಎದ್ದು ನಿಂತದ್ದು ಹೂದಾನಿ. ಮತ್ತೆ ತಿದ್ದಿದೆ, ಉಪ್ಪಿನಕಾಯಿಯ ಜಾಡಿಯಾಯಿತು. ಮೂರು ರಾತ್ರಿ ಹೆಣಗಿ ಕೊನೆಗೆ ನಿಜವಾದ ಚೊಂಬನ್ನು ಅಡಿಗೆಮನೆಯಿಂದ ತಂದು ಮೇಜಿನ ಮೇಲಿಟ್ಟೆ. ಆಗ ಕಂಡಿತು: ಕತ್ತು ಸೊಂಟದಿಂದ ನೇರ ಮೇಲೆದ್ದಿಲ್ಲ; ಒಂದು ಕಾಳಿನಷ್ಟು ಒಳಕ್ಕೆ ಬಾಗಿ, ಆಮೇಲೆ ಹೊರಕ್ಕೆ ತೆರೆದಿದೆ. ಆ ಬಾಗಿನಲ್ಲಿಯೇ ನಾಲ್ಕು ಬೆರಳು ಕೂರುವುದು. ಕೈಗೆ ಗೊತ್ತಿದ್ದದ್ದು ಕಣ್ಣಿಗೆ ಗೊತ್ತಿರಲಿಲ್ಲ. ಚಿತ್ರದ ಷಡಂಗಗಳಲ್ಲಿ ಸಾದೃಶ್ಯವೆಂಬುದೊಂದನ್ನು ಹಿಂದಿನವರು ಎಣಿಸಿದ್ದಾರೆ. ಅದನ್ನು ನಾನು ಹೋಲಿಕೆ ಎಂದು ಒಂದೇ ಮಾತಿನಲ್ಲಿ ಮುಗಿಸಿ ಮುಂದೆ ಹೋಗುತ್ತಿದ್ದೆ.

ಈ ವಿದ್ಯೆಯ ಇತಿಹಾಸದಲ್ಲೂ ಒಂದು ಪಾತ್ರೆಯ ಕಥೆಯಿದೆ. ಅಮೆರಿಕದ ಯೂಟಾ ವಿಶ್ವವಿದ್ಯಾಲಯದ ಮಾರ್ಟಿನ್ ನ್ಯೂವೆಲ್ 1975ರಲ್ಲಿ ತನ್ನ ಮನೆಯ ಟೀ ಕುದುರೆಯನ್ನು, ಅಂದರೆ ಟೀ ಬಗ್ಗಿಸುವ ಪಿಂಗಾಣಿ ಪಾತ್ರೆಯನ್ನು, ಕಂಪ್ಯೂಟರಿಗೆ ಗಣಿತದ ಗೆರೆಗಳಾಗಿ ಇಳಿಸಿದ. ಅಂದಿನಿಂದ ಅದು ಈ ಪ್ರಪಂಚದ ಮನೆದೇವರಾಗಿದೆ. ಆತ ಯಾವ ಮಹಾವಸ್ತುವನ್ನೂ ಹುಡುಕಿಕೊಂಡು ಹೋಗಲಿಲ್ಲ. ಮನೆಯ ಮೇಜಿನ ಮೇಲಿದ್ದುದನ್ನೇ ಎತ್ತಿಕೊಂಡ. ನಮ್ಮ ಹುಡುಗರು ಅವನಿಂದ ಕಲಿಯಬೇಕಾದದ್ದು ಇದು. ಅವರು ಕಲಿಯುತ್ತಿರುವುದು ಅವನ ಪಾತ್ರೆಯನ್ನು.

ಗೆರೆಯನ್ನು ಅಕ್ಷದ ಸುತ್ತ ತಿರುಗಿಸುವ ಈ ಉಪಾಯವನ್ನು ನಾನು ಬೆರಗಿನಿಂದ ವಿವರಿಸಿದಾಗ ಒರಳುಕಲ್ಲಿನ ಹುಡುಗ ನಕ್ಕುಬಿಟ್ಟ. "ಸಾರ್, ಇದು ಲೇಥೇ ಅಲ್ವಾ?" ಎಂದ. ಹೌದು, ಲೇಥೇ. ಅವನು ದಿನಕ್ಕೆಂಟು ಗಂಟೆ ಕಬ್ಬಿಣದ ಸರಳನ್ನು ತಿರುಗಿಸಿ ಮಾಡುವ ಕೆಲಸವನ್ನೇ ನಾನು ಹೊಸ ವಿದ್ಯೆಯೆಂದು ಅವನಿಗೆ ಬೋಧಿಸುತ್ತಿದ್ದೆ. ಇದೇ ಲೇಥಿನ ಮೇಲೆ ಚನ್ನಪಟ್ಟಣದವರು ಹಾಲೆ ಮರವನ್ನು ತಿರುಗಿಸಿ, ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿಹಿಡಿಯುತ್ತಾರೆ. ಉಜ್ಜಿದ ಬಿಸಿಗೆ ಅರಗು ಕರಗಿ ಬಣ್ಣ ಹತ್ತುತ್ತದೆ. ಇನ್ನೂ ಹಿಂದಕ್ಕೆ ಹೋದರೆ ಬೇಲೂರು, ಹಳೇಬೀಡುಗಳ ನವರಂಗದ ಕಂಬಗಳು. ಬಳಪದ ಕಲ್ಲಿನ ಆ ದುಂಡು ಕಂಬಗಳನ್ನು ತಿರುಗಣಿಯ ಮೇಲೆ ಕಡೆದರೆಂದು ವಿದ್ವಾಂಸರು ಹೇಳುತ್ತಾರೆ. ಸುತ್ತಲೂ ಹಾಯ್ದ ಗೆರೆಗಳನ್ನು ನೋಡಿದರೆ ಸಾಮಾನ್ಯರಿಗೂ ಹಾಗೆಯೇ ತೋರುತ್ತದೆ. 1117ರಲ್ಲಿ ಪ್ರತಿಷ್ಠೆಯಾದ ಬೇಲೂರಿನ ಗುಡಿಯ ವೈಭವವನ್ನು ಹೊಗಳುವವರು ಯಾರೂ ಕಂಬವನ್ನು ಯಂತ್ರ ಮಾಡಿತೆಂದು ಮೂಗು ಮುರಿದದ್ದಿಲ್ಲ. ದಾಸೋಜ, ಮಲ್ಲಿತಮ್ಮರಂಥವರು ತಮ್ಮ ಕೆಲಸದ ಕೆಳಗೆ ಹೆಸರು ಕೊರೆದುಕೊಂಡರು. ತಿರುಗಣಿಯ ಹೆಸರನ್ನು ಕೊರೆಯಲಿಲ್ಲ. ಯಂತ್ರದ ಬೆನ್ನು ತಟ್ಟಬೇಕೆಂಬ ನನ್ನ ಮಾತು ಎಷ್ಟು ಹುಸಿಯೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಚೊಂಬಿನ ಕತ್ತಿನ ಕೆಳಗೆ ತಾಯಿಯ ಹೆಸರಿದೆ. ಮದುವೆಯ ಪಾತ್ರೆಗಳ ಮೇಲೆ ಚುಕ್ಕಿ ಚುಕ್ಕಿಯಾಗಿ ಹೆಸರು ಕೊರೆಸುವ ಪದ್ಧತಿ ವಾಚಕರಿಗೆ ತಿಳಿದದ್ದೇ. ಪರದೆಯ ಚೊಂಬಿನ ಮೇಲೂ ಅದನ್ನು ಕೊರೆಯಬೇಕೆಂಬ ಆಸೆಯಾಯಿತು. ಆ ಹೆಸರಿನಲ್ಲಿ ಕ್ಷಕಾರದ ಕೆಳಗೊಂದು ಮಕಾರದ ಒತ್ತು, ಕೊನೆಯಲ್ಲಿ ಮಕಾರಕ್ಕೆ ಮಕಾರದ್ದೇ ಒತ್ತು. ಹೆಸರನ್ನು ಓದುಗರು ಊಹಿಸಬಲ್ಲರು. ಬ್ಲೆಂಡರಿಗೆ ಅದನ್ನು ಊಹಿಸಲಾಗಲಿಲ್ಲ. ನಾನು ಬಳಸಿದ ಆವೃತ್ತಿಯಲ್ಲಿ ಕನ್ನಡ ಟೈಪು ಮಾಡಿದರೆ ಒತ್ತಕ್ಷರಗಳೆಲ್ಲ ಕೆಳಗಿಳಿಯದೆ ಪಕ್ಕಕ್ಕೆ ಸಾಲಾಗಿ ನಿಲ್ಲುತ್ತವೆ. ನಡುನಡುವೆ ಹಲಂತದ ಚಿಹ್ನೆಗಳು ಕೊಕ್ಕೆಗಳಂತೆ ನೇತಾಡುತ್ತವೆ. ಕನ್ನಡವೆಂಬ ಮಾತನ್ನೇ ಅದು ಕನ್ನಡದಲ್ಲಿ ಬರೆಯಲಾರದು. ಅಕ್ಷರವೊಂದರ ಪಕ್ಕ ಇನ್ನೊಂದು ಅಕ್ಷರವೆಂಬುದು ರೋಮನ್ ಲಿಪಿಯ ಲೆಕ್ಕ. ಅಕ್ಷರದ ಮಡಿಲಲ್ಲಿ ಅಕ್ಷರವೆಂಬುದು ನಮ್ಮದು. ಈ ಎರಡನೆಯ ಲೆಕ್ಕವನ್ನು ಯಾರೋ ಕೂತು ಯಂತ್ರಕ್ಕೆ ಕಲಿಸಬೇಕು. ಗಿಂಪ್, ಇಂಕ್‌ಸ್ಕೇಪ್‌ಗಳಿಗೆ ಕಲಿಸಿದ್ದಾರೆ. ಯೂನಿಕೋಡ್ ಅಕ್ಷರವಾದರೆ ಅವು ಚೆನ್ನಾಗಿ ಕೂಡಿಸುತ್ತವೆ. ನಮ್ಮ ಕಚೇರಿಗಳಲ್ಲಿ ಬಹುಕಾಲ ನಡೆದ ಹಳೆಯ ಫಾಂಟುಗಳಲ್ಲಿ ಟೈಪು ಮಾಡಿದ್ದನ್ನು ಇಲ್ಲಿ ತಂದಿಟ್ಟರೆ ಮಾತ್ರ ಮಂತ್ರವಾದಿಯ ಯಂತ್ರದ ಬರಹದಂತೆ ಏನೇನೋ ಕಾಣುತ್ತದೆ.

ದಾರಿ ತೋರಿಸಿದವಳು ಬಿ.ಎಸ್ಸಿ. ಓದುವ ಒಬ್ಬ ಹುಡುಗಿ. ಹೆಸರನ್ನು ಇಂಕ್‌ಸ್ಕೇಪಿನಲ್ಲಿ ಬರೆದು, ಅದನ್ನು ಅಕ್ಷರವಾಗಿ ಉಳಿಸದೆ ಬರಿಯ ಗೆರೆಯಾಗಿ ಮಾರ್ಪಡಿಸಿ, ಆ ಗೆರೆಯನ್ನು ಬ್ಲೆಂಡರಿಗೆ ಸಾಗಿಸಿ, ಅಲ್ಲಿ ದಪ್ಪ ಕೊಟ್ಟು ಚೊಂಬಿನ ಮೈಗೆ ಒತ್ತಬೇಕು. ಕೆಲಸವೇನೋ ಆಯಿತು. ಆದರೆ ಹೀಗೆ ಸಾಗಿಸಿದ ಮೇಲೆ ಅದು ಹೆಸರಲ್ಲ, ಹೆಸರಿನ ಆಕಾರ. ಒಂದು ಕಾಗುಣಿತ ತಪ್ಪಿದರೆ ಮತ್ತೆ ಮೊದಲಿಂದ ಬರೆಯಬೇಕು. ನಮ್ಮ ಭಾಷೆ ಈ ಹೊಸ ಮನೆಗೆ ಹೆಬ್ಬಾಗಿಲಿನಿಂದ ಬರಲಾರದೆ ಹಿತ್ತಿಲಿನಿಂದ ಸರಕಾಗಿ ಬರಬೇಕಾಗಿದೆ. ಬಾಡಿಗೆಯ ತಂತ್ರಾಂಶವಾಗಿದ್ದರೆ ಮಾಲೀಕನ ಕಚೇರಿಗೆ ಅರ್ಜಿ ಹಾಕಿ ಕಾಯುವುದೊಂದೇ ಉಪಾಯ. ಇದು ಎಲ್ಲರದು, ವೈಟ್‌ಫೀಲ್ಡಿನಲ್ಲೋ ಎಲೆಕ್ಟ್ರಾನಿಕ್ ಸಿಟಿಯಲ್ಲೋ ಪರದೇಶದ ಕಂಪನಿಗಳಿಗೆ ತಂತ್ರಾಂಶ ಬರೆಯುವ ಸಾವಿರಾರು ಕನ್ನಡಿಗರಲ್ಲಿ ನಾಲ್ಕು ಮಂದಿ ಭಾನುವಾರಗಳನ್ನು ಕೊಟ್ಟರೆ ರಿಪೇರಿಯಾದೀತು. ಕೊಡಿರೆಂದು ಉಪದೇಶಿಸಲು ನನಗೆ ಅಧಿಕಾರವಿಲ್ಲ. ನನ್ನ ಭಾನುವಾರಗಳಲ್ಲಿ ನಾನು ಮೌಲ್ಯಮಾಪನ ಮಾಡುತ್ತೇನೆ.

ಹೊಟ್ಟೆಪಾಡಿನ ಪ್ರಶ್ನೆಯನ್ನು ಬಿಟ್ಟು ಈ ಕಲೆಯ ಮಾತಾಡುವುದು ಪೀಣ್ಯದಲ್ಲಿ ಸಾಧ್ಯವಿಲ್ಲ. "ಇದರಿಂದ ಕೆಲಸ ಸಿಗುತ್ತಾ ಸಾರ್?" ಎಂಬುದು ಪ್ರತಿ ತಂದೆತಾಯಿಯ ಮೊದಲ ಪ್ರಶ್ನೆ. ಅನಿಮೇಷನ್, ಆಟಗಳ ಉದ್ಯಮಕ್ಕೆಂದೇ ಕರ್ನಾಟಕ ಸರ್ಕಾರ 2012ರಲ್ಲಿ ಒಂದು ನೀತಿಯನ್ನು ಹೊರಡಿಸಿತು. ಚಿತ್ರಕಲಾ ಶಾಲೆಗಳಲ್ಲಿ ಡಿಜಿಟಲ್ ಕಲೆಯನ್ನು ಬೆಳೆಸುವ ಯತ್ನವೂ ಅದರಿಂದ ನಡೆಯಿತು. ನಮ್ಮ ಪ್ರದರ್ಶನ ನಡೆದ ಅದೇ 2025ರ ಫೆಬ್ರವರಿಯಲ್ಲಿ, ಬೆಂಗಳೂರಿನಲ್ಲಿ ಬಹಳ ಮಂದಿ ಕಲಾವಿದರಿಗೆ ಅನ್ನ ಕೊಟ್ಟಿದ್ದ ಟೆಕ್ನಿಕಲರ್ ಎಂಬ ಪರದೇಶದ ಸಂಸ್ಥೆ ಕುಸಿದು ಇಲ್ಲಿಯ ಶಾಖೆಗೂ ಬೀಗ ಬಿತ್ತು. ಹಾಲಿವುಡ್ಡಿನ ದೊಡ್ಡ ದೊಡ್ಡ ಚಿತ್ರಗಳಿಗೆ ಸಿಂಹ, ಸಮುದ್ರಗಳನ್ನು ಮಾಡಿಕೊಟ್ಟವರು ಬೀದಿಗೆ ಬಂದರು. ಅದಾದ ಕೆಲವೇ ದಿನಕ್ಕೆ, ಮಾರ್ಚ್ 2ರಂದು, ಲಾಟ್ವಿಯವೆಂಬ ಪುಟ್ಟ ದೇಶದ ಗಿಂಟ್ಸ್ ಝಿಲ್ಬಲೋಡಿಸ್ ಎಂಬ ತರುಣ ನಿರ್ದೇಶಕನ 'ಫ್ಲೋ' ಎಂಬ ಚಿತ್ರಕ್ಕೆ ಆಸ್ಕರ್ ಬಂತು. ಒಂದು ಬೆಕ್ಕು, ಒಂದು ಪ್ರವಾಹ, ಒಂದು ಮಾತೂ ಇಲ್ಲದ ಕಥೆ. ಚಿತ್ರ ಮಾಡಿದ್ದು ಬ್ಲೆಂಡರಿನಲ್ಲಿ. ಈ ಎರಡು ಸುದ್ದಿಗಳನ್ನು ಜೊತೆಗಿಟ್ಟು ನಮ್ಮ ಹುಡುಗರು ತಮಗೆ ಬೇಕಾದ ಅರ್ಥ ಮಾಡಿಕೊಂಡರು. ನನಗೆ ಮಾತ್ರ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವ ಧೈರ್ಯ ಬರಲಿಲ್ಲ. ಒಂದು ಬೆಕ್ಕಿನ ಗೆಲುವು ಸಾವಿರಾರು ಮನೆಗಳ ಬಾಡಿಗೆ ಕಟ್ಟುವುದಿಲ್ಲ.

ಆದರೂ ಕೆಲಸಕ್ಕಾಗಿಯಲ್ಲದೆ ಚಿತ್ರ ಬರೆಯುವ ಹಕ್ಕು ಬಡವನಿಗಿಲ್ಲವೆ? ಈಗ್ಗೆ ಹದಿನೈದು ವರ್ಷಕ್ಕೂ ಹಿಂದೆ ಬನ್ನೇರುಘಟ್ಟ ರಸ್ತೆಯ ಸುದರ್ಶನ ಬಡಾವಣೆಯ ಕೊಳೆಗೇರಿಯಲ್ಲಿ ಸ್ವತಂತ್ರ ತಂತ್ರಾಂಶದ ಕಾರ್ಯಕರ್ತರು ಅಂಬೇಡ್ಕರ್ ಹೆಸರಿನಲ್ಲಿ ಒಂದು ಕಂಪ್ಯೂಟರ್ ಕೇಂದ್ರ ನಡೆಸಿದರು. ಅಲ್ಲಿ ಮಕ್ಕಳು ಗಿಂಪ್‌ನಲ್ಲಿ ಚಿತ್ರ ಬರೆದರು. ಬಣ್ಣದ ಡಬ್ಬಿ ಮುಗಿಯುತ್ತದೆ, ಕಾಗದ ಮುಗಿಯುತ್ತದೆ. ಪರದೆಯ ಬಣ್ಣ ಮುಗಿಯುವುದಿಲ್ಲ. ಚಿತ್ರಸಂತೆಯ ದಿನ ಕುಮಾರಕೃಪಾ ರಸ್ತೆಯಲ್ಲಿ ಕ್ಯಾನ್ವಾಸುಗಳ ಬೆಲೆ ಕೇಳಿ ಹಿಂದಿರುಗಿದವರಿಗೆ ಈ ಮಾತು ಅರ್ಥವಾದೀತು. 1894ರಲ್ಲಿ ಮುಂಬಯಿಯಲ್ಲಿ ಮುದ್ರಣಾಲಯ ತೆರೆದು ರವಿವರ್ಮ ತನ್ನ ಲಕ್ಷ್ಮೀ ಸರಸ್ವತಿಯರನ್ನು ಅಗ್ಗದ ಅಚ್ಚಿನಲ್ಲಿ ಹಂಚಿದಾಗಲೂ ರಸಿಕರು ಕೊಂಕು ನುಡಿದಿದ್ದರು. ಆದರೆ ರವಿವರ್ಮ ಬಡವನಿಗೆ ಕೊಟ್ಟದ್ದು ನೋಡುವ ಚಿತ್ರವನ್ನು. ಇಲ್ಲಿ ದೊರೆತಿರುವುದು ಬರೆಯುವ ಕುಂಚ. ಈ ಭೇದವನ್ನು ವಿಮರ್ಶೆ ಗಮನಿಸಬೇಕು.

ಬಾಯಲ್ಲಿ ಹೇಳಿದರೆ ಚಿತ್ರ ಬರೆದುಕೊಡುವ ಯಂತ್ರಗಳೂ ಈಗ ಬಂದಿವೆ. ಕುತೂಹಲಕ್ಕೆ ಅಂಥದೊಂದನ್ನು ಒರಳುಕಲ್ಲು ಕೇಳಿದೆ. ಅಮೃತಶಿಲೆಯ ಒಂದು ಕುಟ್ಟಾಣಿ ಕೊಟ್ಟಿತು, ಪಕ್ಕದಲ್ಲಿ ಎರಡು ನಿಂಬೆಹಣ್ಣು. ನಾನು ಮೇಲೆ ಆಡಿ ತಪ್ಪೆಂದು ಒಪ್ಪಿಕೊಂಡ ಮಾತನ್ನು ಇದಕ್ಕಾಗಿ ಕಾದಿರಿಸಿದ್ದರೆ ಚೆನ್ನಾಗಿತ್ತು.

ಕೊನೆಗೆ ಆ ಹುಡುಗನ ಚಿತ್ರದ ಮಾತು. ಎಂಟು ತಿಂಗಳಾದ ಮೇಲೆ ಅವನನ್ನು ಕೇಳಿ ಮತ್ತೆ ತರಿಸಿಕೊಂಡು ನೋಡಿದೆ. ಒರಳು ಸುಲಭವಾಗಿ ಆಗುವ ವಸ್ತು; ಲೇಥಿನ ಉಪಾಯದಿಂದ ಐದು ನಿಮಿಷದಲ್ಲಿ ತಿರುಗಿಸಬಹುದು. ಅವನು ಮೊದಲು ಹಾಗೇ ಮಾಡಿದ್ದನಂತೆ. ಬಿಟ್ಟ. ಏಕೆಂದರೆ ಬಳಸಿದ ಒರಳಿನ ಗುಳಿ ದುಂಡಗಿರುವುದಿಲ್ಲ. ರುಬ್ಬುವವರು ಒಂದೇ ಕಡೆ ಕೂರುತ್ತಾರೆ, ಬಲಗೈಯ ಎಳೆತ ಒಂದೇ ದಿಕ್ಕಿಗೆ ಹೆಚ್ಚು. ಮೂವತ್ತು ವರ್ಷದಲ್ಲಿ ಗುಳಿ ಅತ್ತ ಕಡೆ ಸವೆಯುತ್ತದೆ. ಅವನ ಚಿತ್ರದ ಗುಳಿ ಕೂದಲೆಳೆಯಷ್ಟು ಓರೆ. ಅಂಚಿನ ಒಂದು ಕಡೆ ಕೈಯೂರಿ ಊರಿ ನುಣುಪಾಗಿದೆ. ಉಳಿದೆಡೆ ಉಳಿಯ ಚುಚ್ಚುಗಳು ಹಾಗೇ ಇವೆ. ಗುಂಡುಕಲ್ಲನ್ನು ಅವನು ಒರಳಿನಲ್ಲಿಡದೆ ನೆಲದ ಮೇಲೆ ಮಲಗಿಸಿದ್ದಾನೆ. ಚಿತ್ರದಲ್ಲಿ ಮನುಷ್ಯರಿಲ್ಲ, ಆದರೆ ಎಲ್ಲಿ ಕೂರುತ್ತಿದ್ದರು, ಯಾವ ಕೈ ಹೆಚ್ಚು ದಣಿಯಿತು ಎಂಬುದೆಲ್ಲ ಕಲ್ಲಿನಲ್ಲಿದೆ. ದಿನವೂ ಮೈಕ್ರಾನು ಅಳೆಯುವವನಾದ್ದರಿಂದಲೇ ಆ ಓರೆಯನ್ನು ಕಂಡನೆಂದು ನನ್ನ ತರ್ಕ. ಮೂವತ್ತನಾಲ್ಕರಲ್ಲಿ ಚಿತ್ರವೆನ್ನಬಹುದಾಗಿದ್ದದ್ದು ಇದು. ನಾನು ಅದರ ಮುಂದೆ ನಿಂತು ವಡೆಯ ಮಾತಾಡಿ ನಗಿಸಿದ್ದೆ.

ಮೆಚ್ಚುಗೆಯನ್ನು ಹೇಳಿದೆ. ಆಕ್ಷೇಪವನ್ನೂ ಹೇಳಿದೆ: ಬೆಳಕು ಸುಳ್ಳು. ಮೇಲಿನಿಂದ ಸಿನಿಮಾದ ಸಂಜೆಯಂತೆ ಹಳದಿ ಬೆಳಕು ಸುರಿಯುತ್ತಿದೆ. ಒರಳು ಇರುವ ಅಡಿಗೆಮನೆಯಲ್ಲಿ ಇಷ್ಟು ಹೊನ್ನಿನ ಬಿಸಿಲೆಲ್ಲಿಂದ ಬಂತು? ನೆನಪನ್ನು ಸಿಹಿ ಮಾಡುವ ಚಟ ನ್ಯೂನತೆಯೇ ಸರಿ ಎಂದೆ.

"ಬಿಸಿಲಲ್ಲ ಸಾರ್, ಬೀದಿ ದೀಪ" ಎಂದ. ಹಾಸನದ ಕಡೆಯ ಹಳ್ಳಿಯಿಂದ ಬರುವಾಗ ಅವನ ಅಜ್ಜಿ ಬಿಟ್ಟುಬರಲಾರೆನೆಂದು ಲಾರಿಯಲ್ಲಿ ಹಾಕಿಸಿ ತಂದದ್ದು ಆ ಕಲ್ಲು. ಹೆಗ್ಗನಹಳ್ಳಿಯ ಬಾಡಿಗೆ ಮನೆ ಮೂರನೆಯ ಮಹಡಿ. ಮೇಲೆ ಹತ್ತಿಸಲು ಮನೆಯೊಡೆಯ ಒಪ್ಪಲಿಲ್ಲ. ಒರಳು ಗೇಟಿನ ಪಕ್ಕ, ಚರಂಡಿಯ ಚಪ್ಪಡಿಯ ಮೇಲೆ ಉಳಿಯಿತು. ಎರಡನೆಯ ಪಾಳಿ ಮುಗಿಸಿ ರಾತ್ರಿ ಹನ್ನೊಂದಕ್ಕೆ ಬರುವ ಹುಡುಗ ಅದನ್ನು ದಿನವೂ ನೋಡುವುದು ಹಳದಿ ಬೀದಿ ದೀಪದಲ್ಲಿ.

ನಾನು ಸೋತೆನೆ? ಪೂರ್ತಿ ಅಲ್ಲವೆಂದು ಈಗಲೂ ನನ್ನ ಅಭಿಪ್ರಾಯ. ಬೀದಿಯೆಂಬುದು ಅವನ ಮನಸ್ಸಿನಲ್ಲಿತ್ತು, ಚಿತ್ರದಲ್ಲಿರಲಿಲ್ಲ. ನೆಲ ಬರಿಯ ಬೂದು. ಗೇಟಿಲ್ಲ, ಚಪ್ಪಡಿಯ ಬಿರುಕಿಲ್ಲ, ಕಂಬದ ನೆರಳಿಲ್ಲ. ಕವಿ ಬಂದು ಪಕ್ಕದಲ್ಲಿ ನಿಂತು ವಿವರಿಸಿದಾಗ ಮಾತ್ರ ತೆರೆಯುವ ಕವಿತೆ ಅರ್ಧ ಬರೆದದ್ದು. ಇದನ್ನು ಅವನಿಗೆ ಹೇಳಿದಾಗ ಮುಖ ಸಪ್ಪಗಾಯಿತು. "ಬೀದಿ ಹಾಕಿದ್ರೆ ಅಜ್ಜಿ ಕಲ್ಲು ಚಿಕ್ಕದಾಗುತ್ತೆ ಸಾರ್" ಎಂದ. ಇದಕ್ಕೆ ನನ್ನಲ್ಲಿ ಸಿದ್ಧ ಉತ್ತರವಿರಲಿಲ್ಲ. ಇಬ್ಬರೂ ವಾದಿಸಿದೆವು. ಕೊನೆಗೆ ಬೀದಿಯನ್ನು ತರದೆ ಕಂಬದ ನೆರಳೊಂದನ್ನು ಮಾತ್ರ ಒರಳಿನ ಮೇಲೆ ಹಾಯಿಸಿ ನೋಡುತ್ತೇನೆಂದ.

ಮೊನ್ನೆ ಶುಕ್ರವಾರ ನೆರಳನ್ನು ಕೂಡಿಸಿದ. ಹೊಸ ಚಿತ್ರ ಸಿದ್ಧವಾಗಲು ಅವನ ಹಳೆಯ ಕಂಪ್ಯೂಟರಿಗೆ ನಾಲ್ಕು ಗಂಟೆ ಬೇಕು. ಮನೆಯಲ್ಲಿ ಕರೆಂಟು ನಂಬುವಂತಿಲ್ಲವೆಂದು ಅದನ್ನು ತಂದು ಅಧ್ಯಾಪಕರ ಕೊಠಡಿಯಲ್ಲಿ ನನ್ನ ಮೇಜಿನ ಮೇಲಿಟ್ಟು, ಮುಚ್ಚಬಾರದೆಂದು ಎರಡು ಸಲ ಹೇಳಿ ಪಾಳಿಗೆ ಓಡಿದ. ಸಂಜೆ ಎಲ್ಲರೂ ಹೋದ ಮೇಲೂ ಅದು ಗುರ್ರೆನ್ನುತ್ತಿತ್ತು. ಒರಳಿನ ಅಂಚು, ಅದರ ಮೇಲೆ ಹಾಯ್ದ ನೆರಳು ಮೂಡಿದ್ದವು. ಗುಳಿಯ ಒಳಗೆ ಬೆಳಕಿನ ಲೆಕ್ಕ ಇನ್ನೂ ಮುಗಿದಿರಲಿಲ್ಲ. ಅಲ್ಲೆಲ್ಲ ಚುಕ್ಕಿ ಚುಕ್ಕಿಯಾಗಿ ಕದಡಿಕೊಂಡಿತ್ತು. ಕಾವಲುಗಾರನಿಗೆ ದೀಪ ಆರಿಸಬಾರದೆಂದು ಹೇಳಿ ಕೂತೆ.